ಅತ್ತೆಯ ಪ್ಯಾಡ್ ಪರೀಕ್ಷೆ

ಸೊಸೆ ಏಳು ತಿಂಗಳ ಬಸುರಿ. ಅತ್ತೆಗೆ ಮುಟ್ಟು ನಿಂತು ಎಷ್ಟೋ ವರ್ಷ. ಹೀಗಾಗಿ ಟೈಲರಾಗಿದ್ದ ಸೊಸೆ, ಒಗೆದು ಮತ್ತೆ ಬಳಸುವ ಬಟ್ಟೆಯ ಪ್ಯಾಡು ಹೊಲಿದಾಗ, ಅದನ್ನು ಹಾಕಿಕೊಂಡು ನೋಡುವವರೇ ಮನೆಯಲ್ಲಿರಲಿಲ್ಲ. ಮರುದಿನ ಅದನ್ನು ಪಕ್ಕದ ಬೀದಿಯ ಲಾಂಡ್ರಿ ಹೆಂಗಸರಿಗೆ ತೋರಿಸಿ ಮಾರಬೇಕಿತ್ತು. ಅಂಗಡಿಯ ಪ್ಯಾಡು ಅವರ ಕೈಗೆಟುಕದು. ತೊಡುವುದು ಮಾತ್ರ ಬಿಳಿ ಸಮವಸ್ತ್ರ. ಒಬ್ಬಳಿಗೆ ಕಲೆಯಾದರೂ ಸಾಕು, ಮಿಕ್ಕವರು ಇತ್ತ ತಲೆ ಹಾಕುವುದಿಲ್ಲ.

“ನಾನೇನು ಸತ್ತಿದ್ದೀನಾ? ತಾ ಇಲ್ಲಿ,” ಎಂದಳು ಅತ್ತೆ.

“ನಿಮಗೆ ನಿಂತು ಹೋಗಿದೆಯಲ್ಲ ಅತ್ತೆ!”

“ನಿಂತಿರೋದು ಅದು, ನಾನಲ್ಲ.”

ರಕ್ತದಷ್ಟು ಮಂದವಾಗಲೆಂದು ಬೀಟ್‌ರೂಟ್ ನೀರಿಗೆ ಜೋಳದ ಹಿಟ್ಟು ಕದಡಿ ಪ್ಯಾಡಿಗೆ ಸುರಿದದ್ದಾಯಿತು. ಮೇಲೆ ತೊಡಲು ಮನೆಯಲ್ಲಿದ್ದ ಬಿಳಿ ಬಟ್ಟೆ ಮಾವನ ಪೈಜಾಮ ಒಂದೇ. ಅದನ್ನೇ ಏರಿಸಿಕೊಂಡು ಅತ್ತೆ ಕುಕ್ಕರಗಾಲಲ್ಲಿ ನೆಲ ಒರೆಸಿದಳು, ಮೆಟ್ಟಿಲು ಹತ್ತಿ ಇಳಿದಳು. ಪೈಜಾಮ ಹುಡುಕುತ್ತ ಬಂದ ಮಾವ ಬಾಯಿ ಬಿಟ್ಟು ನಿಂತ.

“ಏನೇ ಇದು ವೇಷ?”

“ಪರೀಕ್ಷೆ ಬರೀತಿದ್ದೀನಿ, ಗಲಾಟೆ ಮಾಡ್ಬೇಡಿ.”

ನೀರು ತುಂಬಿದ ಬಕೆಟ್ ಎತ್ತಿದಾಗ ಪ್ಯಾಡು ಜಾರಿತು. ಪೈಜಾಮದ ಮೇಲೆ ಕೆಂಪು ಕಲೆ. ಸೊಸೆಯ ಮುಖ ಬಾಡಿತು.

“ಫೇಲಾಗಿದ್ದು ಗುಂಡಿ ಕಣೇ, ನೀನಲ್ಲ,” ಎಂದಳು ಅತ್ತೆ.

ಒಂಟಿ ಪ್ರೆಸ್ ಬಟನ್ ಪ್ಯಾಡನ್ನು ಹಿಡಿದಿಟ್ಟಿರಲಿಲ್ಲ. ಸೊಸೆ ಇನ್ನೊಂದು ಬಟನ್ ಹಾಕಿ, ಹಿಂಭಾಗ ಅಗಲ ಮಾಡಿದಳು. ಮತ್ತೆ ಸುರಿದು, ಮತ್ತೆ ಬಕೆಟ್ ಎತ್ತಿಸಿದಳು. ಈ ಸಲ ಜಾರಲಿಲ್ಲ. ಹೊಲಿದಿಟ್ಟಿದ್ದ ಉಳಿದ ಪ್ಯಾಡುಗಳನ್ನೂ ಹಾಗೇ ತಿದ್ದಿದಳು.

ಬೆಳಿಗ್ಗೆ ಲಾಂಡ್ರಿಯ ಮೇಸ್ತ್ರಿ ಹೆಂಗಸು ಪ್ಯಾಡನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಯಾರು ಹಾಕ್ಕೊಂಡು ನೋಡಿದ್ರು?”

“ನಾನು!” ಎಂದಳು ಅತ್ತೆ.

ಲಾಂಡ್ರಿಯೆಲ್ಲ ಗೊಳ್ಳೆಂದಿತು. ಬೀಟ್‌ರೂಟಿನ ಕಥೆ ಕೇಳಿ ಇನ್ನೂ ಜೋರಾಯಿತು. “ಆ ನೀರಿಗೂ ನಮ್ಮ ಕಷ್ಟಕ್ಕೂ ಏನಮ್ಮ ಸಂಬಂಧ?” ಎಂದಳು ಮೇಸ್ತ್ರಿ.

“ಅದೂ ನಿಜ ಅಕ್ಕ. ಮುಟ್ಟಾದವರು ಯಾರೂ ಇನ್ನೂ ಹಾಕ್ಕೊಂಡು ನೋಡಿಲ್ಲ,” ಎಂದಳು ಸೊಸೆ, ತಲೆ ತಗ್ಗಿಸಿ.

ಮೇಸ್ತ್ರಿ ಅವಳನ್ನೊಮ್ಮೆ ದಿಟ್ಟಿಸಿದಳು. “ಕೊಡು ಇಲ್ಲಿ. ನನಗಿವತ್ತು ಎರಡನೇ ದಿನ. ನನಗಿಂತ ಕಷ್ಟದ ಗಿರಾಕಿ ನಿನಗೆ ಸಿಗಲ್ಲ.”

ಊಟದ ಗಂಟೆಯವರೆಗೂ ಅತ್ತೆ ಮೇಸ್ತ್ರಿಯ ಬೆನ್ನು ಬಿಡಲಿಲ್ಲ.

“ಅಜ್ಜೀ, ನನ್ನ ಹಿಂದೆ ಏನು ಬರೆದಿದೆ ಅಂತ ಓದ್ತಿದ್ದೀಯಾ?”

“ಇನ್ನೂ ಏನೂ ಬರೆದಿಲ್ಲ ತಾಯಿ, ಅದೇ ಖುಷಿ.”

ಗಂಟೆ ಹೊಡೆಯಿತು. ಮೇಸ್ತ್ರಿ ಬಚ್ಚಲಿಗೆ ಹೋದಳು. ಊಟದ ಡಬ್ಬಿ ಬಿಚ್ಚದೆ ಎಲ್ಲರೂ ಬಾಗಿಲನ್ನೇ ನೋಡುತ್ತ ಕುಳಿತರು. ಸೊಸೆ ಉಳಿದ ಪ್ಯಾಡುಗಳ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು.

ಮೇಸ್ತ್ರಿ ಹೊರಬಂದು ಸೊಂಟದ ಮೇಲೆ ಕೈಯಿಟ್ಟಳು.

“ಇದನ್ನ ಒಗೆದು ಬಿಸಿಲಲ್ಲಿ ಒಣಗಿಸೋ ತನಕ ನಾನೇನು ಹಾಕ್ಕೊಳ್ಳಲಿ? ಇನ್ನೊಂದು ಕೊಡೇ!”

ಸೊಸೆ ಚೀಲಕ್ಕೆ ಕೈ ಹಾಕುವಷ್ಟರಲ್ಲಿ ನಾಲ್ಕಾರು ಕೈಗಳು ಆಗಲೇ ಅದರೊಳಗಿದ್ದವು.