ಅಡ್ಡ ಬೆಳಕು

ಕ್ಯಾರಲ್ ಗಂಡ ಲೆಸ್ಲಿಯ ಶವಪೆಟ್ಟಿಗೆಯ ಮುಚ್ಚಳವನ್ನು ಕರವಸ್ತ್ರದಿಂದ ಉಜ್ಜುತ್ತಲೇ ಇದ್ದಳು; ಹೊತ್ತು ತಂದವರ ಬೆರಳ ಗುರುತು ಹೋಗುತ್ತಿರಲಿಲ್ಲ.

"ಬಿಡಿ ಅಕ್ಕ," ಎಂದ ಚಾಮರಾಜ. ಈ ಕೊಲ್ಲಿ ದೇಶದ ರಾಸ್ ಅಲ್ ಖೋರ್‌ನ ಗ್ಯಾರೇಜಿನಲ್ಲಿ ಹದಿನೆಂಟು ವರ್ಷ ಲೆಸ್ಲಿಯ ಜೊತೆ ಕಾರುಗಳ ಡೆಂಟ್ ತೆಗೆದವನು. "ಉಸ್ತಾದ್ ಇದ್ದಿದ್ರೆ ಈ ಪಾಲಿಶ್ ನೋಡಿ ಪೆಟ್ಟಿಗೇನೇ ವಾಪಸ್ ಕಳಿಸೋರು."

ಅಳುವಿನ ನಡುವೆ ಅವಳಿಗೆ ನಗು ಬಂತು. ಲೆಸ್ಲಿಯ ಅಣ್ಣ ಸ್ಟೀಫನ್ ನಗಲಿಲ್ಲ. ಬೆಳಗಿನ ವಿಮಾನಕ್ಕೆ ಮಂಗಳೂರಿನಿಂದ ಬಂದವನು ನೇರ ಊದ್ ಮೇಥಾದ ಈ ಇಗರ್ಜಿಗೇ ಬಂದಿದ್ದ.

"ಇನ್ನೂ ಹೊತ್ತುಂಟು ಕ್ಯಾರಲ್. ಊರಿಗೆ ಕಳಿಸುವ. ಕಾಗದಪತ್ರಕ್ಕೆ ನಾನು ಓಡಾಡ್ತೇನೆ. ಇಲ್ಲಿ ಎಂತ ಉಂಟು ಅವನಿಗೆ? ನಾಳೆ ವೀಸಾ ಮುಗಿದ್ರೆ ನೀನೂ ಖಲಾಸ್, ಊರಿಗೆ ಬರ್ಬೇಕು. ಮತ್ತೆ ಗುಂಡಿಗೆ ಒಂದು ಮೇಣದಬತ್ತಿ ಇಡುವವರು ಯಾರು?"

ಮೂರು ದಿನದಿಂದ ಅವಳನ್ನು ಕೊರೆಯುತ್ತಿದ್ದದ್ದೂ ಅದೇ ಪ್ರಶ್ನೆ. ಅವಳು ಗೇಟಿನ ಕಡೆ ನೋಡಿದಳು. ಮುದುಕ ಬ್ರಾಯನ್ ಕೋಲೂರಿಕೊಂಡು ಬರುತ್ತಿದ್ದ. ಕಂಕುಳಲ್ಲಿ ಒಂದು ಫೋಟೋ.

*

ಬ್ರಾಯನ್ ಗ್ಯಾರೇಜಿನ ಹಳೇ ಗಿರಾಕಿ. ನಿವೃತ್ತನಾದ ಮೇಲೆ ತನ್ನ ಹಿರಿಯರನ್ನು ಹುಡುಕುವ ಹುಚ್ಚು ಹಿಡಿದಿತ್ತು ಅವನಿಗೆ. ಇಂಗ್ಲೆಂಡಿನ ಒಂದು ಹಳ್ಳಿ: ನಲವತ್ತು ಮನೆ, ಒಂದು ಇಗರ್ಜಿ. ಅಲ್ಲಿಯ ಹಳೇ ದಫ್ತರ ತೇವ ಹಿಡಿದು ಹಾಳಾಗಿತ್ತು. ಉಳಿದದ್ದು ಅಜ್ಜನ ಅಜ್ಜಿಯದು ಎನ್ನುವ ಒಂದು ಸಮಾಧಿಯ ಕಲ್ಲು. ಅದರ ಫೋಟೋದಲ್ಲಿ ಒಂದಕ್ಷರವೂ ಕಾಣುತ್ತಿರಲಿಲ್ಲ.

ಒಮ್ಮೆ ಅದನ್ನು ಗ್ಯಾರೇಜಿಗೆ ತಂದಾಗ ಲೆಸ್ಲಿ ಎದುರಿದ್ದ ಕಾರಿನ ಬಾನೆಟ್ಟಿಗೆ ಕೆನ್ನೆ ತಾಗಿಸಿ ತೋರಿಸಿದ. "ನೆತ್ತಿ ಬಿಸಿಲಲ್ಲಿ ಡೆಂಟ್ ಕಾಣುದಿಲ್ಲ ಸಾರ್. ಬೆಳಕು ಅಡ್ಡ ಬೀಳ್ಬೇಕು. ಸಂಜೆ ಫೋಟೋ ತೆಗೆಸಿ."

ತಿಂಗಳೊಳಗೆ ಬೇರೆ ಫೋಟೋ ಬಂತು. ಕಲ್ಲಿನ ಅಕ್ಷರ ಎದ್ದು ಕಂಡವು: ಹ್ಯಾನಾ, ಕಮ್ಮಾರ ಥಾಮಸನ ಮಗಳು. "ನಮ್ಮ ಲೈನಿನವರೇ!" ಎಂದು ಲೆಸ್ಲಿ ಗ್ಯಾರೇಜಿಗೆಲ್ಲ ಚಹಾ ಕುಡಿಸಿದ. ಮನೆಗೆ ಬಂದವನು ಮಾತ್ರ ಊಟದ ತಟ್ಟೆ ಪಕ್ಕಕ್ಕೆ ಸರಿಸಿದ.

"ನನ್ನ ಅಪ್ಪನ ಗುಂಡಿಯಲ್ಲಿ ಈಗ ಬೇರೆ ಯಾರೋ ಇದ್ದಾರೆ, ಕ್ಯಾರಲ್. ಯಾವ ಬೆಳಕು ಹಿಡಿದ್ರೂ ಕಾಣುದಿಲ್ಲ."

*

ಬ್ರಾಯನ್ ಆ ಕಲ್ಲಿನ ಫೋಟೋವನ್ನು ಪೆಟ್ಟಿಗೆಯ ತಲೆದೆಸೆಯಲ್ಲಿಟ್ಟು, ಟೊಪ್ಪಿ ತೆಗೆದು ನಿಂತ.

ನೀವು ಹುಡುಕುವ ಮೊದಲು ನಿಮ್ಮ ಮನೆಯವರು ಯಾರಾದರೂ ಆ ಕಲ್ಲಿನ ಬಳಿ ಹೋಗುತ್ತಿದ್ದರೇ ಎಂದು ಕ್ಯಾರಲ್ ಅವನನ್ನು ಇಂಗ್ಲಿಷಿನಲ್ಲಿ ಕೇಳಿದಳು. ಇಲ್ಲ ಎಂದ ಬ್ರಾಯನ್. ನೂರೈವತ್ತು ವರ್ಷ ಯಾರೂ ಹೋಗಿರಲಿಲ್ಲ. ಕಲ್ಲು ಮಾತ್ರ ಇತ್ತು.

ಅವಳು ಇಗರ್ಜಿಯ ಅಂಗಳದ ಬಿಸಿಲಿನಲ್ಲಿ ನಿಂತಿದ್ದ ಸ್ಟೀಫನ್ನನ ಕಡೆ ತಿರುಗಿದಳು.

"ಬಾವ, ನಿಮ್ಮ ಅಪ್ಪನ ಗುಂಡಿ ಎಲ್ಲುಂಟು?"

"ನಿನಗೆ ಗೊತ್ತುಂಟಲ್ಲ. ನಮ್ಮಲ್ಲಿ ಜಾಗ ಕಡಿಮೆ. ಕೆಲವು ವರ್ಷ ಆದ್ಮೇಲೆ ಅದೇ ಗುಂಡಿ ಬೇರೆಯವರಿಗೆ."

"ಹಾಗಾದ್ರೆ ನೀವು ಮೇಣದಬತ್ತಿ ಇಡುದು ಎಲ್ಲಿ?"

ಕ್ಯಾರಲ್ ಪೆಟ್ಟಿಗೆಯ ಮೇಲೆ ಕೈಯಿಟ್ಟಳು.

"ಇಲ್ಲೇ ಹೂಳುವ. ಕಲ್ಲು ನಾನು ಇಡಿಸ್ತೇನೆ. ಅಕ್ಷರ ಆಳ ಕೆತ್ತಲಿಕ್ಕೆ ಹೇಳ್ತೇನೆ. ಆಮೇಲೆ ಯಾರಾದ್ರೂ ಬರ್ಲಿ, ಬಾರದೆ ಇರ್ಲಿ."

"ಯಲ್ಲಾ ಅಕ್ಕ, ಹೊರಡೋಣ," ಚಾಮರಾಜ ಮೆಲ್ಲಗೆ ಕರೆದ. "ವ್ಯಾನ್ ಬಂತು."

ಸಮಾಧಿಭೂಮಿಯಲ್ಲಿ ಮಣ್ಣು ಮುಚ್ಚಿ ಮುಗಿಯುವಾಗ ಹೊತ್ತು ಇಳಿದಿತ್ತು. ಜನ ವ್ಯಾನಿನ ಕಡೆ ನಡೆದರು. ಕ್ಯಾರಲ್ ತಿರುಗಿ ನೋಡಿದಾಗ ಸ್ಟೀಫನ್ ಒಬ್ಬನೇ ಹಿಂದುಳಿದಿದ್ದ. ತಮ್ಮನ ಪಕ್ಕದ ಹಳೇ ಕಲ್ಲಿನ ಮೇಲಿನ ಮರಳನ್ನು ಅಂಗೈಯಿಂದ ಸರಿಸಿ, ಮಂಡಿಯೂರಿ, ಕೆನ್ನೆ ತಾಗುವಷ್ಟು ಬಗ್ಗಿ, ಗುರುತಿಲ್ಲದ ಯಾರದೋ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದುತ್ತಿದ್ದ.