ತಲೆಕೆಳಗಾದ ಇಸ್ತ್ರಿಪೆಟ್ಟಿಗೆ

ಮನೆಯಲ್ಲಿ ಬಿಸಿ ಕೊಡುವ ಸಾಮಾನೆಲ್ಲ ಒಂದೊಂದಾಗಿ ಮಾಯವಾಗುತ್ತಿರುವುದು ಲೆಂಪಿಯ ಗಮನಕ್ಕೆ ಬಂದಿದ್ದು ಮಂಗಳವಾರ. ಮೊದಲು ಮಂಚದ ಪಕ್ಕದ ದೀಪದ ಹಳೇ ಬಲ್ಬು ಹೋಯಿತು. ಆಮೇಲೆ ಸೊಂಟಕ್ಕೆ ಇಟ್ಟುಕೊಳ್ಳುವ ಬಿಸಿ ಪಟ್ಟಿ. ಇವತ್ತು ತಲೆ ತೊಳೆದುಕೊಂಡು ಬಂದರೆ ಹೇರ್ ಡ್ರೈಯರ್ ಇಲ್ಲ! ಹೊರಗೆ ಫೆಬ್ರುವರಿಯ ಹಿಮ ಕಿಟಕಿಯ ಮಟ್ಟಕ್ಕೆ ನಿಂತಿದೆ, ಇಲ್ಲಿ ಒದ್ದೆ ತಲೆ. ಮನೆಯಲ್ಲಿರುವುದು ಗಂಡ ಹೆಂಡತಿ ಇಬ್ಬರೇ. ಕಳ್ಳ ಯಾರೆಂದು ತಿಳಿಯಲು ಪಂಚಾಂಗ ನೋಡಬೇಕಾಗಿರಲಿಲ್ಲ.

ತಲೆಗೆ ಟವೆಲು ಸುತ್ತಿಕೊಂಡು, ಬೂಟು ತೂರಿಸಿಕೊಂಡು, ಅಂಗಳ ದಾಟಿ ಗರಾಜಿನ ಬಾಗಿಲು ತಳ್ಳಿದಳು. ಗಂಡ ಆರ್ವೊ ಎರಡು ಕೋಟು ಹಾಕಿಕೊಂಡು ಮೇಜಿನ ಮುಂದೆ ಬಗ್ಗಿ ನಿಂತು, ಅವಳ ಡ್ರೈಯರಿನಿಂದ, ಹಿಡಿ ಎಳೆದು ಒತ್ತುವ ಕಬ್ಬಿಣದ ಪ್ರೆಸ್ಸಿನ ನೆತ್ತಿಗೆ ಬಿಸಿಗಾಳಿ ಊದುತ್ತಿದ್ದ.

"ಅದಕ್ಕೂ ತಲೆಸ್ನಾನ ಮಾಡ್ಸಿದ್ಯಾ?" ಎಂದಳು ಲೆಂಪಿ.

"ಬಾಗ್ಲು ಹಾಕೇ ಮೊದ್ಲು! ಇರೋ ಚೂರು ಬಿಸಿನೂ ಹೋಗತ್ತೆ."

"ಬಲ್ಬೂ ನೀನೇ ತಂದಿದ್ದಾ?"

"ಹೂಂ. ಡಬ್ಬದೊಳಗೆ ಬಲ್ಬ್ ಉರಿಸಿ ಮೇಲೆ ಪ್ರೆಸ್ ಇಟ್ಟೆ. ಏನೂ ಪ್ರಯೋಜ್ನ ಇಲ್ಲ. ನಿನ್ ಬಿಸಿ ಪಟ್ಟಿ ಸುತ್ತಿದ್ರೆ ಅರ್ಧ ಗಂಟೆಗೆ ತಾನೇ ಆಫ್ ಆಗತ್ತೆ."

"ಅದು ಮುದುಕಿ ಸೊಂಟಕ್ಕೆ ಮಾಡಿದ್ದು ಕಣೋ, ಕಬ್ಬಿಣಕ್ಕಲ್ಲ."

ವಿಷಯ ಇಷ್ಟೇ. ಆರ್ವೊ ಸೀಸ ಕರಗಿಸಿ ತನ್ನ ಹಳೇ ಬಂದೂಕಿಗೆ ತಾನೇ ಗುಂಡು ಎರೆಯುವವನು. ಎರೆದ ಗುಂಡಿನ ಸುತ್ತ ಇರುವ ಗೀರುಗಳಲ್ಲಿ ಮೇಣ ತುಂಬಬೇಕು. ಇಲ್ಲದಿದ್ದರೆ ನಳಿಗೆಯೊಳಗೆಲ್ಲ ಸೀಸ ಮೆತ್ತಿಕೊಂಡು ಗುರಿ ಕೆಡುತ್ತದೆ. ತುಂಬುವುದು ಈ ಪ್ರೆಸ್ಸಿನ ಕೆಲಸ. ಆದರೆ ಅವನ ಮೇಣ ಗಟ್ಟಿಯದು, ಬೆಚ್ಚಗಾದರೆ ಮಾತ್ರ ಹರಿಯುವಂಥದ್ದು. ಗರಾಜಿನ ಸೌದೆ ಒಲೆಯ ಚಿಮಣಿ ಈ ಸಲ ಬಿರುಕು ಬಿಟ್ಟಿದ್ದರಿಂದ ಒಲೆ ಹಚ್ಚುವಂತಿಲ್ಲ, ಮೇಣ ಕಲ್ಲಾಗಿ ಕೂತಿದೆ. ಮೊದಲಾಗಿದ್ದರೆ ತೋಳಿನ ಬಲದಲ್ಲೇ ಮೇಣ ಅದುಮುವ ತಿರುಪು ಬಿಗಿದು ಹೊರಡಿಸುತ್ತಿದ್ದನೇನೋ, ತಾಮ್ರದ ಗಣಿಯಲ್ಲಿ ಮೂವತ್ತು ವರ್ಷ ದುಡಿದ ಕೈ. ಈಗ ಆ ಕೈಯ ಬೆರಳು ಊದಿಕೊಂಡು, ಕಾಫಿ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯುತ್ತಾನೆ. ಹಿಡಿಯುವುದನ್ನು ಲೆಂಪಿ ನೋಡಿದ್ದಾಳೆ, ನೋಡಿಲ್ಲ ಎಂಬಂತೆ ಇದ್ದಾಳೆ.

ಭಾನುವಾರ ಸರೋವರದ ದಂಡೆಯ ಕ್ಲಬ್ಬಿನಲ್ಲಿ ಚಳಿಗಾಲದ ಪಂದ್ಯ, ಒಬ್ಬೊಬ್ಬರಿಗೆ ಇಪ್ಪತ್ತು ಗುಂಡು. ಅಜ್ಜಂದಿರ ಕಾಲದಿಂದ ಅಲ್ಲಿ ಒಂದೇ ನಿಯಮ: ಅವರವರು ಮಾಡಿದ ಗುಂಡನ್ನು ಅವರವರೇ ಹಾರಿಸಬೇಕು. ಮಾಡಿದ್ದುಣ್ಣೋ ಮಹಾರಾಯ ಎನ್ನುವುದನ್ನು ಈ ಜನ ಬಂದೂಕಿನವರೆಗೂ ಒಯ್ದಿದ್ದರು. ಪಕ್ಕದ ಮನೆಯ ಉರ್ಹೊ, "ನನ್ನವು ಇಪ್ಪತ್ ತಗೊಂಡ್ಹೋಗೋ, ಯಾರಿಗ್ ಗೊತ್ತಾಗತ್ತೆ?" ಎಂದದ್ದಕ್ಕೆ ಆರ್ವೊ ಎರಡು ದಿನ ಅವನೊಂದಿಗೆ ಮಾತು ಬಿಟ್ಟಿದ್ದ.

ಪಂದ್ಯ ಹೋದರೆ ಹೋಗಲಿ, ಲೆಂಪಿಗೆ ಪದಕದ ಆಸೆಯಿಲ್ಲ. ಅವಳ ಭಯವೆಲ್ಲ ಕಿಟಕಿಯ ಪಕ್ಕದ ಕುರ್ಚಿಯದು. ಆರ್ವೊನ ಅಪ್ಪ, ಕೈಲಾಗುವುದಿಲ್ಲ ಎಂದು ಕೊಡಲಿ ಕೆಳಗಿಟ್ಟ ವರ್ಷ ಆ ಕುರ್ಚಿ ಹಿಡಿದ. ಎರಡನೇ ಚಳಿಗಾಲ ಮುಗಿಯುವ ಮೊದಲೇ ಅಲ್ಲಿಂದ ಹೆಣವಾಗಿ ಎದ್ದ. ಈಗೀಗ ಆರ್ವೊ ಊಟವಾದ ಮೇಲೆ ಅದೇ ಕುರ್ಚಿಯಲ್ಲಿ ಕೂರುತ್ತಿದ್ದಾನೆ.

ಹಾಗಾಗಿ ಅವಳು ಡ್ರೈಯರ್ ಕಿತ್ತುಕೊಳ್ಳಲಿಲ್ಲ. ಮೇಣ ಎಲ್ಲಿರತ್ತೆ, ಎಲ್ಲಿಂದ ಬರತ್ತೆ, ಬಿಸಿ ಯಾವ ಕಡೆಯಿಂದ ಏರಬೇಕು ಎಂದು ಕೇಳುತ್ತ ಕೇಳುತ್ತ ಪ್ರೆಸ್ಸಿನ ಸುತ್ತ ಮೂರು ಸುತ್ತು ಬಂದಳು. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಕೊಬ್ಬಿನ ಡಬ್ಬಗಳ ಜೊತೆ ಗುದ್ದಾಡಿದವಳಿಗೆ ಇದರಲ್ಲೇನೋ ಪರಿಚಯದ ಸಂಗತಿ ಕಾಣುತ್ತಿತ್ತು. "ನೆತ್ತಿಗೆ ಗಾಳಿ ಊದಿದ್ರೆ ಆಗಲ್ಲ," ಎಂದಳು. "ಪಾದ ಬೆಚ್ಚಗಾಗ್ಬೇಕು."

"ಅಡುಗೆ ಬೇರೆ, ಇದು ಬೇರೆ."

"ಆಯ್ತಪ್ಪಾ, ಊದ್ಕೋ."

ಶನಿವಾರ ಸೌನಾ ಕಾಯಿಸುವ ದಿನ. ಲೆಂಪಿಯ ಅಪ್ಪ ದೇವದಾರಿನ ದಿಮ್ಮಿಯಲ್ಲಿ ಕಟ್ಟಿದ, ಹಲಗೆಯ ಮೇಲೆ ಕೂತು ಬೆವರುವ ಬಿಸಿಯ ಕೋಣೆ ಅದು. ಆ ಕಾಲದಲ್ಲಿ ಹೆರಿಗೆಯೂ ಅಲ್ಲೇ, ಲೆಂಪಿ ಹುಟ್ಟಿದ್ದು ಅದರ ಕೆಳಗಿನ ಹಲಗೆಯ ಮೇಲೆ. ಅಲ್ಲಿ ಜಗಳವಾಡುವಂತಿಲ್ಲ, ದನಿ ಏರಿಸುವಂತಿಲ್ಲ. ಚರ್ಚಿನಲ್ಲಿ ಇದ್ದಂತೆ ಇರಬೇಕು. ಮಧ್ಯಾಹ್ನ ಅವಳು ಚರ್ಚಿನ ಕಾಫಿಕೂಟಕ್ಕೆ ಏಲಕ್ಕಿ ಬ್ರೆಡ್ಡು ಕೊಟ್ಟು ಬರಲು ಹೋದಳು. ಮೂರು ಗಂಟೆಗೆ ವಾಪಸು ಬಂದರೆ ಗರಾಜಿನಿಂದ ಸೌನಾದವರೆಗೆ ಹಿಮದ ಮೇಲೆ ಜಾರುಗಾಡಿಯ ಗೆರೆ!

ಬಾಗಿಲು ತೆಗೆದಳು. ಮೇಲಿನ ಹಲಗೆಯ ಮೇಲೆ ಪ್ರೆಸ್ಸು ಆರಾಮಾಗಿ ಕೂತು ಬೆವರುತ್ತಿತ್ತು. ಗಂಡ ಮಹಾಶಯ ಅಂಗಿ ಕಳಚಿ, ಮಂಡಿಯೂರಿ, ಚಮಚದಿಂದ ಹಲಗೆ ಕೆರೆಯುತ್ತಿದ್ದ. ಗರಾಜಿನ ಚಳಿಯಲ್ಲಿ ಎರಡೂ ಕೈಯಿಂದ ತಿರುಪನ್ನು ಬಿಗಿದು, ಅದನ್ನು ಸಡಿಲಿಸದೆ ಹಾಗೇ ತಂದಿಟ್ಟಿದ್ದ. ಬಿಸಿ ತಾಗಿದ್ದೇ ತಡ, ಅದುಮಿಟ್ಟ ಮೇಣವೆಲ್ಲ ಒಮ್ಮೆಗೇ ನುಗ್ಗಿ, ಮೇಲಿನ ಹಲಗೆಯಿಂದ ಕೆಳಗಿನ ಹಲಗೆಗೆ, ಅಲ್ಲಿಂದ ನೆಲಕ್ಕೆ ಇಳಿದಿತ್ತು.

ಲೆಂಪಿ ಅವನ ತೋಳು ಹಿಡಿದು ಎಬ್ಬಿಸಿ, ಹೆಗಲಿಗೆ ಕೋಟು ಹೊದಿಸಿ, ಹೊರಗೆ ಹಿಮದಲ್ಲಿ ನಿಲ್ಲಿಸಿ, ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. ಆಮೇಲೆ ಶುರು ಮಾಡಿದಳು.

"ಬುದ್ಧಿ ಎಲ್ಲಿಟ್ಟಿದ್ದೆ? ನಾನ್ ಹುಟ್ಟಿದ್ ಜಾಗ ಕಣೋ ಅದು! ನಮ್ಮಪ್ಪ ಉಜ್ಜಿ ಉಜ್ಜಿ ಮಾಡಿದ್ ಹಲಗೆ! ನಾಳೆಯಿಂದ ಅದರ್ ಮೇಲೆ ಕೂತ್ರೆ ನಾನೂ ಗುಂಡಿನ್ ಥರ ಜಾರ್ಕೊಂಡ್ ಹೋಗ್ತೀನಿ!"

ಬೇಲಿಯಾಚೆಯಿಂದ ಉರ್ಹೊ ಕೂಗಿದ: "ಲೆಂಪೀ, ಇವತ್ತು ಸೌನಾ ಉಂಟೋ ಇಲ್ವೋ?"

"ಒಳಗೆ ಹೋಗು ನೀನು!"

ಯಾವಾಗಲೂ ಎದುರು ಮಾತಾಡುವ ಆರ್ವೊ ಈ ಸಲ ತಲೆ ತಗ್ಗಿಸಿ ನಿಂತಿದ್ದ. "ಸಾಕ್ ಬಿಡೇ," ಎಂದ. "ಪ್ರೆಸ್ನ ಉರ್ಹೊಗೆ ಕೊಟ್ಬಿಡ್ತೀನಿ. ನನ್ ಕೈಲಿ ಇನ್ನ್ ಆಗಲ್ಲ."

ಲೆಂಪಿಯ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ. ಇನ್ನು ಆಗಲ್ಲ ಎಂದವನು ನೇರ ಹೋಗಿ ಕೂರುವುದು ಆ ಕುರ್ಚಿಯಲ್ಲಿ.

"ಕೊಡೋದು ಸೋಮವಾರ ಕೊಡು," ಎಂದಳು. "ಈಗ ನಡಿ ಗರಾಜಿಗೆ. ನಾನ್ ಹೇಳ್ದಂಗೆ ಕೇಳು."

ಅಮ್ಮನ ಕಾಲದ ಭಾರದ ಕರೆಂಟಿನ ಇಸ್ತ್ರಿಪೆಟ್ಟಿಗೆ ತಂದಳು, ಮನೆಯಲ್ಲಿದ್ದುದು ಅದೊಂದೇ, ಈಗಿನವುಗಳ ಹಾಗೆ ಹಗುರದ್ದಲ್ಲ. ಗಣಿಯಿಂದ ತಂದು ಮೂಲೆಗೆ ಎಸೆದಿದ್ದ ದಪ್ಪ ಉಕ್ಕಿನ ತಗಡನ್ನು ಮೇಜಿನ ಅಂಚಿನಿಂದ ಅರ್ಧ ಹೊರಚಾಚುವಂತೆ ಬಿಗಿಸಿ, ಅದರ ಮೇಲೆ ಪ್ರೆಸ್ಸನ್ನು ಕೂರಿಸಿದರು. ಕೆಳಗೆ ಇಟ್ಟಿಗೆ ಜೋಡಿಸಿ, ಇಸ್ತ್ರಿಪೆಟ್ಟಿಗೆಯನ್ನು ತಲೆಕೆಳಗಾಗಿ, ಬೆನ್ನು ಇಟ್ಟಿಗೆಗೆ, ಮುಖ ತಗಡಿಗೆ ತಾಗುವಂತೆ ಇಟ್ಟಳು. ಬಿಸಿಯನ್ನು ರೇಷ್ಮೆ ಬಟ್ಟೆಯ ಗುರುತಿಗೆ ತಿರುಗಿಸಿದಳು. ಹೊಸ ಮೇಣದ ಕಡ್ಡಿ ಹಾಕಿದ ಆರ್ವೊ ಅಭ್ಯಾಸಬಲದಿಂದ ತಿರುಪಿಗೆ ಕೈ ಹಾಕಿದ. ಕೈಗೆ ಪಟ್ಟನೆ ಏಟು ಬಿತ್ತು.

"ಬೆಚ್ಚಗಾಗ್ಲಿ. ಆಮೇಲೆ ಕಾಲು ಸುತ್ತು ಸಾಕು."

ಇಬ್ಬರೂ ಕಾಫಿ ಕುಡಿಯುತ್ತ ಕಾದರು. ಲೆಂಪಿ ಆಗಾಗ ಪ್ರೆಸ್ಸಿನ ಹೊಟ್ಟೆ ಮುಟ್ಟಿ ನೋಡುತ್ತಿದ್ದಳು, ಮಗುವಿನ ಜ್ವರ ನೋಡುವ ಹಾಗೆ. ಅರ್ಧ ಗಂಟೆಗೆ "ಹೂಂ" ಎಂದಳು. ಆರ್ವೊ ಗುಂಡು ಇಟ್ಟು ಹಿಡಿ ಎಳೆದ. ಮೇಲೆ ಬಂದ ಗುಂಡಿನ ಮೂರೂ ಗೀರುಗಳಲ್ಲಿ ಮೇಣ ನಯವಾಗಿ ತುಂಬಿತ್ತು.

"ಅಯ್ಯೋ, ಬಂತಲ್ಲೇ!" ಮುದುಕನ ಮುಖ ನೋಡಬೇಕಿತ್ತು.

ಹನ್ನೆರಡರವರೆಗೆ ಎಳೆದ. ಹದಿಮೂರನೆಯದಕ್ಕೆ ಬೆರಳು ಮಡಚಲಿಲ್ಲ. ಅವನು ಕೈಯನ್ನು ಕಂಕುಳಲ್ಲಿ ಅದುಮಿಕೊಂಡು ನಿಂತಾಗ ಲೆಂಪಿ ಹಿಡಿಗೆ ಕೈ ಹಾಕಿದಳು.

"ಬೇಡ್ವೇ. ನಿಯಮ."

"ನಿಯಮ ನಾಳೆ. ಮೇಣ ಇವತ್ತು."

ಉಳಿದ ಎಂಟನ್ನು ಅವಳೇ ಮುಗಿಸಿದಳು. ಆರ್ವೊ ಮಾತ್ರ ಆ ಎಂಟನ್ನು ತನ್ನವುಗಳ ಜೊತೆ ಬೆರೆಸದೆ, ಮದ್ದು ತುಂಬಿ ತೋಟಾ ಮಾಡಿದ ಮೇಲೂ ಅವಳ ಏಲಕ್ಕಿ ಡಬ್ಬಿಯಲ್ಲಿ ಬೇರೆ ಇಟ್ಟ.

ಭಾನುವಾರ ಅವನು ಮೇಜಿಗೆ ಬಂದೂಕು ಆನಿಸಿ ಹನ್ನೆರಡು ಹೊಡೆದ, ಒಂಬತ್ತು ಕಪ್ಪು ವೃತ್ತದೊಳಗೆ ಬಿದ್ದವು. ಅಲ್ಲಿಗೆ ಎದ್ದುಬಿಟ್ಟ.

"ಇನ್ನೂ ಎಂಟಿದೆಯಲ್ಲೋ!" ಎಂದ ಉರ್ಹೊ.

"ಅವು ನನ್ನವಲ್ಲ. ಅವಳು ಮಾಡಿದ್ದು." ಆರ್ವೊ ಏಲಕ್ಕಿ ಡಬ್ಬಿಯನ್ನು ಲೆಂಪಿಯ ಕೈಗಿಟ್ಟ. "ಮಾಡ್ದೋರೇ ಹಾರಿಸ್ಬೇಕು."

"ನಾನಾ? ಬಂದೂಕು ಮುಟ್ಟಿ ಐವತ್ ವರ್ಷ ಆಯ್ತು ಕಣೋ!"

"ನಿಯಮ," ಎಂದ ಆರ್ವೊ.

ಸಾಲಿನಲ್ಲಿದ್ದವರೆಲ್ಲ ಶಿಳ್ಳೆ ಹಾಕಿದರು. ಲೆಂಪಿ ಕೂತಳು. ಆರು ತಾಗಿಸಿದಳು. ಎರಡು ಎಲ್ಲಿ ಹೋದವೋ ದೇವರೇ ಬಲ್ಲ. ಗಂಡ ಹೆಂಡತಿ ಇಬ್ಬರೂ ಪಟ್ಟಿಯ ತಳದಲ್ಲಿ ಬಂದರು.

ವಾಪಸು ಬರುವಾಗ ಆರ್ವೊ ದಾರಿಯುದ್ದಕ್ಕೂ ಬೆರಳು ಮಡಚಿ ಬಿಡಿಸಿ ನೋಡಿಕೊಳ್ಳುತ್ತಲೇ ಇದ್ದ. ಕಡೆಯವನಾದೆ ಎಂಬ ಕೊರಗೋ, ಕೈಯ ಚಿಂತೆಯೋ, ಲೆಂಪಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಒಗೆದ ಬಟ್ಟೆಯ ಬುಟ್ಟಿ ಹೊತ್ತು ಕೋಣೆಗೆ ಬಂದವಳು ಮೊದಲು ನೋಡಿದ್ದು ಕಿಟಕಿಯ ಪಕ್ಕ. ಕುರ್ಚಿ ಖಾಲಿಯಿತ್ತು. ಗರಾಜಿನಿಂದ ಗರಗಸದ ಸದ್ದು ಬರುತ್ತಿತ್ತು. ಕಿಟಕಿ ತೆರೆದಳು.

"ಲೇ, ನನ್ ಇಸ್ತ್ರಿಪೆಟ್ಟಿಗೆ ಎಲ್ಲೋ?"

"ಪ್ರೆಸ್ ಕೆಳಗೆ ಅದಕ್ಕೊಂದು ಗೂಡು ಮಾಡ್ತಿದೀನಿ, ಕೊಡಲ್ಲ!" ಎಂದು ಆರ್ವೊ ಒಳಗಿನಿಂದ ಕೂಗಿದ. "ಹಿಡಿಗೂ ಉದ್ದದ ಪೈಪ್ ಸೇರಿಸ್ತೀನಿ, ನನ್ ಕೈಗೆ ಹಗುರಾಗತ್ತೆ. ಮುಂದಿನ್ ಪಂದ್ಯಕ್ಕೆ ನಿನಗೂ ಇಪ್ಪತ್ ಬೇಕಲ್ವೇನೇ? ಬೇಗ ಬಾ, ಕಾಫಿ ತಗೊಂಡ್ ಬಾ!"

ಲೆಂಪಿ ಇಸ್ತ್ರಿಯಿಲ್ಲದ ಬಟ್ಟೆಯನ್ನೆಲ್ಲ ಆ ಕುರ್ಚಿಯ ಮೇಲೆ ಸುರಿದು, ಬೂಟು ಹುಡುಕತೊಡಗಿದಳು.