ಕಂಬದ ದೀಪ ಉರಿಯುವಾಗ

ಮುನಿಸಿಕೊಂಡರೆ ಗಂಡ ಮಾತು ಬಿಡುತ್ತಿದ್ದ. ಬೈಗುಳವಿಲ್ಲ, ಕೂಗಾಟವಿಲ್ಲ, ಬಾಯಿಗೆ ಬೀಗ, ಅಷ್ಟೆ. ಅಂಥವನ ಜತೆ ಸಂಸಾರ ಮಾಡಿದವರಿಗೇ ಗೊತ್ತು ಆ ಕಷ್ಟ! ಕೊನೆಯ ಸಂಜೆ ಜಗಳ ತೆಗೆದವಳು ಇವಳೇ. ಅವನು ಮುಖ ಊದಿಸಿಕೊಂಡು ಮೀನಿಗೆಂದು ದೋಣಿ ಹತ್ತಿದ. ಕತ್ತಲಾಗುವ ಹೊತ್ತಿಗೆ ಇವಳಿಗೆ ತಡೆಯಲಾಗಲಿಲ್ಲ. ಬಂದರಿನ ಆಫೀಸಿಗೆ ಹೋಗಿ, ಅಲ್ಲಿದ್ದವರೆಲ್ಲರ ಎದುರಿಗೇ ರೇಡಿಯೊದಲ್ಲಿ, “ತಪ್ಪು ನಂದೇ ರೀ, ವಾಪಸ್ ಬಂದ್ಬಿಡಿ” ಎಂದು ಮತ್ತೆ ಮತ್ತೆ ಕರೆದಳು. ಉತ್ತರ ಬರಲಿಲ್ಲ. ಬೆಳಿಗ್ಗೆ ದೋಣಿಯೊಂದೇ ಸಿಕ್ಕಿತು, ದೀಪಗಳು ಉರಿಯುತ್ತಲೇ ಇದ್ದವು.

ಅಂದಿನಿಂದ ಅವಳು ಅತ್ತಿರಲಿಲ್ಲ. ಕೇಳಿಸಿಕೊಂಡೂ ಸುಮ್ಮನಿದ್ದನಲ್ಲ ಮಹಾರಾಯ, ಎಂಬುದೊಂದೇ ತಲೆಯಲ್ಲಿ ಕೂತುಬಿಟ್ಟಿತ್ತು. ಉಣ್ಣು ಎಂದರೆ ಉಣ್ಣುತ್ತಿದ್ದಳು, ಮಲಗು ಎಂದರೆ ಮಲಗುತ್ತಿದ್ದಳು.

ಈಗ ಮೈದುನ ಅದೇ ದೋಣಿಯನ್ನು ಕಡಲಿಗಿಳಿಸಬೇಕಿತ್ತು. ಅದರ ಕಂಬದ ಎಲ್‌ಇಡಿ ದೀಪಗಳು ಮಿಣಮಿಣ ಎನ್ನುತ್ತಿವೆಯೆಂದು ಅವಳ ತಮ್ಮನನ್ನು ಕರೆಸಿದ. ತಮ್ಮ ವೈರಿಂಗ್ ಕೆಲಸದವನು. ಭಾವ ಇದ್ದಾಗ ಹಳೆ ಬಲ್ಬು ತೆಗೆದು ಅವನ್ನು ಹಾಕಿದವನೂ ಅವನೇ.

“ಮನೇಲಿ ಕೂತು ಗೋಡೆ ನೋಡಿದ್ದು ಸಾಕು, ಬಾ ಅಕ್ಕಾ” ಎಂದು ಅವಳನ್ನೂ ಎಳೆದುಕೊಂಡು ಬಂದ.

ಮೀಟರ್ ಹಿಡಿದು ಬ್ಯಾಟರಿಯಿಂದ ಒಂದೊಂದೇ ತಂತಿ ನೋಡುತ್ತಾ ಹೋದ. ಉಪ್ಪುನೀರಿಗೆ ಹಸಿರುಗಟ್ಟಿದ ತುದಿಯೊಂದು ಸಿಕ್ಕಿತು. ಕತ್ತರಿಸಿ, ಹೊಸದಾಗಿ ಜೋಡಿಸಿದ. ದೀಪಗಳು ಅಲುಗದೆ ಉರಿದವು.

“ದೋಣಿ ರೇಡಿಯೊನೂ ಒಂದ್ಸಲ ನೋಡ್ಬಿಡೋಣ. ಇದನ್ನ ತಗೊಂಡು ಬಂದರಿನ ಗೋಡೆ ತುದಿಗೆ ಹೋಗಿ ಏನಾದ್ರೂ ಮಾತಾಡು” ಎಂದು ಕೈ ರೇಡಿಯೊ ಕೊಟ್ಟ.

ಅವಳು ಅಲೆ ತಡೆಯುವ ಗೋಡೆಯ ತುದಿಯವರೆಗೆ ನಡೆದಳು. “ಕೇಳಿಸ್ತಾ?” ಎಂದಳು. ಇನ್ನೊಮ್ಮೆ, ಮತ್ತೊಮ್ಮೆ. ದೂರದಲ್ಲಿ ಕ್ಯಾಬಿನ್ನಿನ ಬಾಗಿಲಲ್ಲೇ ನಿಂತಿದ್ದ ತಮ್ಮ ಇವಳತ್ತಲೇ ನೋಡುತ್ತಾ, ಮಾತಾಡು ಮಾತಾಡು ಎಂದು ಕೈ ಬೀಸುತ್ತಿದ್ದ. ಕೊನೆಗೆ ಬೇಸತ್ತು ಒಳಗೆ ಹೋಗಿ ದೀಪ ಆರಿಸಿದ.

“ಹಾಂ, ಈಗ ಬಂತು ನೋಡು! ಇಷ್ಟೊತ್ತು ಯಾಕೆ ಸುಮ್ನಿದ್ದೆ?” ಎಂದು ಅವನ ದನಿ ಕೈ ರೇಡಿಯೊದಲ್ಲಿ ಬಂತು.

“ಮಾತಾಡ್ತಾನೇ ಇದ್ದೆ.”

ಕಂಬದ ದೀಪ ಹೊತ್ತಿತು, ಆರಿತು. ಮತ್ತೆ ಹೊತ್ತಿತು, ಆರಿತು.

ಅವಳು ವಾಪಸು ಬಂದಾಗ ಅವನು ಇನ್ನೂ ದೀಪದ ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದ.

“ಅಕ್ಕಾ, ದೀಪ ಆಂಟೆನಾದ ಪಕ್ಕದಲ್ಲೇ ಇದೆ. ಅದು ಉರೀತಿದ್ರೆ ರೇಡಿಯೊದಲ್ಲಿ ಬರೀ ಗದ್ದಲ, ಯಾರ ಮಾತೂ ಕೇಳಲ್ಲ. ಹಾಕಿದ ದಿನ ನಾನು ಹೀಗೆ ನೋಡ್ಲೇ ಇಲ್ಲ. ಭಾವ ಬೇಕಂತ ಸುಮ್ನಿರ್ಲಿಲ್ಲ, ಅಕ್ಕಾ. ಅವರಿಗೆ ಕೇಳಿಸ್ಲೇ ಇಲ್ಲ.”

ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಅವನು ತಲೆ ತಗ್ಗಿಸಿ ನಿಂತ. ಅವಳು ಬಲೆಯ ರಾಶಿಯ ಮೇಲೆ ಕೂತಳು.

“ಒಂದು ಮಾತೂ?”

“ಇಲ್ಲ.”

“ಅಯ್ಯೋ” ಎಂದಳು. “ಹಾಗಾದ್ರೆ ನನ್ನ ಕೋಪ ಇಳಿದೇ ಇಲ್ಲ ಅಂದ್ಕೊಂಡು ಹೋದ್ರಲ್ಲೋ!”